ಮೂರನೆಯ ಸಲ ಕೈ ಹೋದ ಜಾಗ

"ಕಣ್ಣ ಮುಚ್ರಿ. ದಿನಾ ಹೆಂಗ ಕುಂಡ್ರತೀರಿ ಹಂಗ ಕುಂಡ್ರರಿ. ಈಗ ಎಡಗೈ ಚಾಚ್ರಿ."

ಅಮರೇಶಪ್ಪ ಮಿಸ್ತ್ರಿಯ ಶೆಡ್ಡಿಗೆ ಕಾರು ತಂದವರು ಎಂಥ ದೊಡ್ಡವರೇ ಇರಲಿ, ಮೊದಲು ಈ ಅಪ್ಪಣೆ ಪಾಲಿಸಬೇಕಿತ್ತು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಅಕ್ಕಿ ಗಿರಣಿಗಳ ಸಾಲು ಮುಗಿದ ಮೇಲೆ, ಒಂದು ಬೇವಿನ ಮರದ ಕೆಳಗೆ ಅವರ ತಗಡಿನ ಶೆಡ್ಡು ಇತ್ತು. ಭತ್ತದ ವ್ಯಾಪಾರಿಗಳು, ಗುತ್ತಿಗೆದಾರರು, ಒಂದು ಸಲ ಪೊಲೀಸ್ ಸಾಹೇಬರೊಬ್ಬರು ಕೂಡ ತಮ್ಮ ಕಾರಿನೊಳಗೆ ಕಣ್ಣು ಮುಚ್ಚಿ ಕೂತು, ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಕೈಯಾಡಿಸುವುದನ್ನು ನಾನೇ ನೋಡಿದ್ದೇನೆ. ಮಿಸ್ತ್ರಿ ಪಕ್ಕದ ಸೀಟಿನಲ್ಲಿ ಮೊಣಕಾಲೂರಿ, ಬೆರಳ ತುದಿ ತಾಗಿದ ಜಾಗಕ್ಕೆ ಸೀಮೆಸುಣ್ಣದ ಚುಕ್ಕೆ ಇಡುತ್ತಿದ್ದರು. ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ಹಣೆಯ ಮೇಲಿನದರಲ್ಲಿ ವಿಭೂತಿ ಎಷ್ಟು, ಸುಣ್ಣ ಎಷ್ಟು ಎಂದು ಮಧ್ಯಾಹ್ನದ ಹೊತ್ತಿಗೆ ಹೇಳುವುದು ಕಷ್ಟವಾಗುತ್ತಿತ್ತು.

ಕಾರುಗಳ ವೈರಿಂಗು ಅವರ ಕೆಲಸ. ಕಂಪನಿಯವರು ಕೊಟ್ಟ ದೀಪ, ಹಾರನ್ನು ನಮ್ಮ ಕಡೆಯವರಿಗೆ ಯಾವತ್ತೂ ಸಾಲುವುದಿಲ್ಲ. ಕಾಲುವೆ ಸೀಮೆಯಲ್ಲಿ ಚಳಿಗಾಲದ ಬೆಳಗಿಗೆ ಮಂಜು ಕವಿಯುತ್ತದೆ, ಭತ್ತ ಕೊಯ್ದ ಮೇಲೆ ಹುಲ್ಲು ಸುಡುವ ಹೊಗೆ ಬೇರೆ. ಅದಕ್ಕೆ ಹಳದಿ ಫಾಗ್ ಲೈಟು ಬೇಕು. ಕುರಿ ಹಿಂಡು ಸರಿಸಲು ಜೋರಾದ ಹಾರನ್ನು ಬೇಕು. ಹಿಂದಿನ ಸೀಟಿಗೆ ಫ್ಯಾನು, ಡ್ಯಾಶ್‌ಬೋರ್ಡಿನ ಮೇಲೆ ಕೂತ ದೇವರಿಗೆ ಕೆಂಪು ದೀಪ. ಒಂದೊಂದಕ್ಕೂ ಒಂದು ಸ್ವಿಚ್ಚು. ವೈರು ಎಳೆಯುವುದು ಯಾರಿಗಾದರೂ ಬರುತ್ತದೆ, ಸ್ವಿಚ್ಚು ಎಲ್ಲಿ ಕೂಡಿಸಬೇಕು ಎನ್ನುವುದೇ ವಿದ್ಯೆ ಎಂದು ಮಿಸ್ತ್ರಿ ನಂಬಿದ್ದರು.

ಅವರ ಶಾಸ್ತ್ರದ ಪ್ರಕಾರ ಒಂದೇ ಸಲ ಕೈ ಚಾಚಿದರೆ ಆಗದು. ಮೂರು ಸಲ ಚಾಚಬೇಕು. "ಮೊದಲ್ನೇ ಸಲ ನಿಮ್ಮ ತಲಿ ಕೈನ ಕರ್ಕೊಂಡು ಹೋಗತೈತ್ರಿ. ಎರಡ್ನೇ ಸಲ ನೀವು ನನ್ನ ಮೆಚ್ಚಸಾಕ ನೋಡತೀರಿ. ಮೂರನೇ ಸಲ ಕೈ ತಾನ ಹೋಗತೈತಿ. ಅದು ಪಕ್ಕಾ ಜಾಗಾ," ಎನ್ನುತ್ತಿದ್ದರು. ಆಮೇಲೆಯೂ ಸುಮ್ಮನೆ ತೂತು ಕೊರೆಯುತ್ತಿರಲಿಲ್ಲ. ಒಂದನೇ ಗೇರು, ಮೂರನೇ ಗೇರು ಹಾಕಿಸಿ ಮುಷ್ಟಿ ತಾಗುತ್ತದೋ ಎಂದು ನೋಡಬೇಕು. ಮೊಣಕಾಲಿಗೆ ಬಡಿಯಬಾರದು. ಏರ್‌ಬ್ಯಾಗು ಬಿಚ್ಚಿಕೊಳ್ಳುವ ದಾರಿಗೆ ಅಡ್ಡ ಬರಬಾರದು. ನೀರಿನ ಬಾಟಲಿ ಚೆಲ್ಲುವ ಕಡೆ ಇರಬಾರದು. ಫಾಗ್ ಲೈಟಿನ ಸ್ವಿಚ್ಚಿನ ಮೇಲೆ ಒಂದು ಹನಿ ಅಂಟು ಬಿಟ್ಟು ಗಟ್ಟಿಯಾಗಿಸುತ್ತಿದ್ದರು. ಬೆರಳು ಆ ಗಂಟನ್ನು ಸವರಿದ ಕೂಡಲೇ ಇದು ಲೈಟು, ಹಾರನ್ನಲ್ಲ ಎಂದು ತಿಳಿಯಬೇಕು, ನೋಡಬಾರದು.

ನೋಡಬಾರದು ಎನ್ನುವುದು ಅವರ ಒಂದೇ ಮಂತ್ರ. ತುರ್ವಿಹಾಳದ ಕಡೆಯ ಸಾವ್ಕಾರರೊಬ್ಬರು ದೇವರ ದೀಪದ ಸ್ವಿಚ್ಚು ದೇವರ ಪೀಠದ ಬುಡದಲ್ಲೇ ಇರಲಿ ಎಂದು ಹಟ ಹಿಡಿದಿದ್ದರು. ಮಿಸ್ತ್ರಿ ಅವರನ್ನು ಸೀಟಿನಲ್ಲಿ ಕೂಡಿಸಿ ಅಲ್ಲಿಗೆ ಕೈ ಚಾಚಲು ಹೇಳಿದರು. ದೊಡ್ಡ ಹೊಟ್ಟೆಯ ಸಾವ್ಕಾರರು ಸ್ಟೇರಿಂಗಿನ ಮೇಲೆ ಅರ್ಧ ಮಲಗಬೇಕಾಯಿತು. "ದೀಪ ಹಚ್ಚಾಕ ಇಷ್ಟು ಬಗ್ಗಿದ್ರ ದೇವ್ರಿಗೆ ಕೆಲಸ ಹೆಚ್ಚಾಗತೈತ್ರಿ ಸಾವ್ಕಾರ್ರ," ಎಂದರು ಮಿಸ್ತ್ರಿ. ಸುತ್ತ ನಿಂತವರು ನಕ್ಕರು, ಸಾವ್ಕಾರರೂ ನಕ್ಕು ಒಪ್ಪಿಕೊಂಡರು. ಆಗ ಮಿಸ್ತ್ರಿಗೆ ಅಷ್ಟು ಸಲುಗೆ ಇತ್ತು, ಅಷ್ಟು ನಗೆ ಇತ್ತು.

ನಾವು ಅವರಿಗೆ ಗಂಟುಬಿದ್ದದ್ದು ಆ ದಿನಗಳಲ್ಲಿ. ನಮ್ಮವರು ಲಿಂಗಸುಗೂರಿನ ಕಾಲೇಜಿನಲ್ಲಿ ಉಪನ್ಯಾಸಕರು, ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಮನೆ ಸಿಂಧನೂರಿನಲ್ಲಿ. ದಿನಾ ಬೆಳಿಗ್ಗೆ ಒಂದೇ ಕಾರಿನಲ್ಲಿ ಹೊರಟು ನನ್ನನ್ನು ಮಸ್ಕಿಯಲ್ಲಿ ಇಳಿಸಿ ಅವರು ಮುಂದೆ ಹೋಗುತ್ತಿದ್ದರು. ಮೊದಲ ಚಳಿಗಾಲದ ಮಂಜಿಗೇ ಹೆದರಿ ಫಾಗ್ ಲೈಟು ಹಾಕಿಸಲು ಹೋದೆವು. ಹೊಸ ಕಾರು. ನಮ್ಮವರಿಗೆ ಅದರ ಮೇಲೆ ಎಷ್ಟು ಮೋಹ ಎಂದರೆ ಸೀಟಿನ ಪ್ಲಾಸ್ಟಿಕ್ ಕವರು ಆರು ತಿಂಗಳಾದರೂ ತೆಗೆಸಿರಲಿಲ್ಲ.

"ಕಣ್ಣ ಮುಚ್ರಿ ಸರ್," ಎಂದರು ಮಿಸ್ತ್ರಿ.

ನಮ್ಮವರು ಮುಚ್ಚಲಿಲ್ಲ. ನಗಲು ಶುರುಮಾಡಿದರು. "ಇದೇನ್ ಮಿಸ್ತ್ರಿ, ಸಣ್ಣ ಹುಡುಗ್ರ ಆಟ? ಡ್ಯಾಶ್‌ಬೋರ್ಡಿಗೆ ತೂತು ಹಾಕಬ್ಯಾಡ್ರಿ. ಕೆಳಗ, ಯಾರಿಗೂ ಕಾಣದಂಗ ಮೊಣಕಾಲ ಹತ್ರ ಕೂಡಸ್ರಿ."

"ಕೆಳಗ ಬ್ಯಾಡ್ರಿ ಸರ್. ಬಗ್ಗಬೇಕಾಗತೈತಿ."

"ನಾ ಬಗ್ಗತೀನಿ. ನಿಮಗೇನು ತಕ್ಲೀಫ?"

ಮಿಸ್ತ್ರಿ ನನ್ನ ಕಡೆ ನೋಡಿದರು. ನೀವಾದರೂ ಹೇಳಿ ಎನ್ನುವ ನೋಟ. ನನಗೆ ಶಾಲೆಗೆ ಹೊತ್ತಾಗುತ್ತಿತ್ತು, ಗಡಿಯಾರ ನೋಡಿಕೊಂಡೆ. ಕಡೆಗೆ ಅವರು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿ, "ಓದಿದೋರು ಹೇಳಾಕತ್ತೀರಿ," ಎಂದು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಸ್ವಿಚ್ಚು ನಮ್ಮವರ ಎಡ ಮೊಣಕಾಲಿನ ಮೇಲ್ಗಡೆ, ಹೊರಗಿನಿಂದ ನೋಡಿದರೆ ಕಾಣದ ಹಾಗೆ ಕೂತಿತು. ಅಂಟಿನ ಹನಿ ಮಾತ್ರ ಮರೆಯದೆ ಹಾಕಿದರು.

ಎರಡು ಚಳಿಗಾಲ ಕಳೆಯಿತು. ಮೂರನೆಯದರಲ್ಲಿ ಒಂದು ದಿನ ನನಗೆ ಜ್ವರ ಬಂದು ಶಾಲೆಗೆ ರಜೆ ಹಾಕಿದ್ದೆ. ನಮ್ಮವರು ಒಬ್ಬರೇ ಹೊರಟರು. ಮಸ್ಕಿ ಇನ್ನೂ ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ, ಮಂಜಿನಲ್ಲಿ ಭತ್ತದ ಹುಲ್ಲು ಹೇರಿಕೊಂಡು ದೀಪವಿಲ್ಲದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರಾಲಿಗೆ ಕಾರು ಹಿಂದಿನಿಂದ ಹೊಡೆಯಿತು. ಲಿಂಗಸುಗೂರಿನ ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಮಂಜು ಎಂದರು, ಟ್ರಾಲಿಯವನ ತಪ್ಪು ಎಂದರು, ಟೈಮು ಸರಿಯಿರಲಿಲ್ಲ ಎಂದರು. ನಾನು ಎಲ್ಲದಕ್ಕೂ ಹೂಂ ಎಂದೆ.

ಕಾರನ್ನು ಗುಜರಿಗೆ ಕೊಡು ಎಂದು ಮೈದುನ ಹೇಳಿದ. ಕೊಡುವುದಿಲ್ಲ ಎಂದೆ. ರಿಪೇರಿ ಮಾಡಿಸಿ ನಾನೇ ಓಡಿಸುತ್ತೇನೆ ಎಂದಾಗ, ಗಂಡ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಕೆಟ್ಟಿದ್ದರೂ ಇರಬಹುದು. ನಲವತ್ತೈದನೇ ವಯಸ್ಸಿನಲ್ಲಿ, ನನ್ನದೇ ವಿದ್ಯಾರ್ಥಿಯಾಗಿದ್ದವನ ಪಕ್ಕ ಕೂತು ಬೈಸಿಕೊಂಡು ಡ್ರೈವಿಂಗ್ ಕಲಿತೆ. ಮುಂಭಾಗವೆಲ್ಲ ಹೊಸದಾಗಿ ಬಂದ ಕಾರಿನಲ್ಲಿ ಫಾಗ್ ಲೈಟಿಗೆ ಮತ್ತೆ ವೈರು ಎಳೆಸಬೇಕಿತ್ತು. ಅಮರೇಶಪ್ಪನವರಲ್ಲಿಗೆ ಹೋದೆ.

ಕಾರು ನೋಡಿದೊಡನೆ ಅವರು ಎದ್ದು ಒಳಗೆ ಹೋದರು. ಕೊಡದಿಂದ ಒಂದು ಚರಿಗೆ ನೀರು ಕುಡಿದು ಬಂದು, "ಈ ವಾರ ಬ್ಯಾಡ್ರಿ ಅಕ್ಕೋರೆ, ಕೈಯಾಗ ಕೆಲಸ ಭಾಳ ಐತಿ," ಎಂದರು. ಶೆಡ್ಡಿನಲ್ಲಿ ಬೇರೆ ಒಂದು ಗಾಡಿಯೂ ಇರಲಿಲ್ಲ. ಮುಂದಿನ ವಾರ ಸಾಮಾನು ಬಂದಿಲ್ಲ ಎಂದರು. ಅದರ ಮುಂದಿನ ವಾರ ನಾನು ಸಿಟ್ಟಿಗೆದ್ದು, "ವಿಧವಿ ಗಾಡಿ ಮುಟ್ಟಬಾರದು ಅಂತೇನ್ರಿ?" ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಟಾರ್ಚು ತೆಗೆದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಗ್ಯಾರೇಜಿನವರು ಆ ಮೂಲೆಯನ್ನು ಮುಟ್ಟಿರಲಿಲ್ಲ. ಹಳೆಯ ಸ್ವಿಚ್ಚು ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕೆಂಪು ಕಣ್ಣಿನಿಂದ ಮೇಲೆದ್ದರು.

"ಕುಂಡ್ರರಿ ಅಕ್ಕೋರೆ. ಕಣ್ಣ ಮುಚ್ರಿ."

ಆ ಬೆಳಗನ್ನು ನಾನು ಮರೆಯಲಾರೆ. ಮೂರು ಸಲಕ್ಕೆ ಅವರು ಬಿಡಲಿಲ್ಲ. ಸೀಟು ಮುಂದೆ ಎಳೆಸಿ, ಬೆಲ್ಟು ಹಾಕಿಸಿ, ಸೆರಗು ಸರಿ ಮಾಡಿಕೊಳ್ಳಿ ಎಂದು ಹೇಳಿ, ಮತ್ತೆ ಮತ್ತೆ ಕೈ ಚಾಚಿಸಿದರು. ನನ್ನ ಕೈ ಗಿಡ್ಡ. ಬಳೆ ತೆಗೆದ ಮೇಲೆ ಇನ್ನೂ ಗಿಡ್ಡವಾದಂತೆ ಕಾಣುತ್ತಿತ್ತು. ಸ್ಟೇರಿಂಗಿನ ಎಡಕ್ಕೆ ನಾಲ್ಕು ಬೆರಳು ದೂರದಲ್ಲಿ ಚುಕ್ಕೆಗಳೆಲ್ಲ ಒಂದರ ಮೇಲೊಂದು ಬಿದ್ದು ದಪ್ಪವಾದ ಮೇಲೆ ಅಲ್ಲಿ ತೂತು ಕೊರೆದರು. "ಈಗ ರಸ್ತೆ ಬಿಟ್ಟು ಕಣ್ಣು ತಗಿಯೋ ಜರೂರ ಇಲ್ರಿ," ಎಂದರು. ನಿಜ, ಇಷ್ಟು ವರ್ಷಗಳಲ್ಲಿ ಆ ಸ್ವಿಚ್ಚನ್ನು ಕಣ್ಣಿಟ್ಟು ನೋಡುವ ಪ್ರಸಂಗ ನನಗೆ ಬಂದಿಲ್ಲ.

ಆಮೇಲಿನ ಮಿಸ್ತ್ರಿ ಬೇರೆಯೇ ಮನುಷ್ಯ. ತಮಾಷೆ ನಿಂತುಹೋಯಿತು. ಕಣ್ಣು ಮುಚ್ಚುವುದಿಲ್ಲ ಎಂದವರ ಗಾಡಿ ಮುಟ್ಟುವುದನ್ನೇ ಬಿಟ್ಟರು. ಒಮ್ಮೆ ನಾನು ಅಲ್ಲಿದ್ದಾಗಲೇ ಒಬ್ಬ ಗುತ್ತಿಗೆದಾರ ದೊಡ್ಡ ಕಾರು ತಂದು, ಸ್ವಿಚ್ಚುಗಳನ್ನು ಗೇರಿನ ಪಕ್ಕದ ಡಬ್ಬಿಯೊಳಗೆ ಅಡಗಿಸಬೇಕು ಎಂದ. ಮಿಸ್ತ್ರಿ ಬೀಗದಕೈಯನ್ನು ಬಾನೆಟ್ಟಿನ ಮೇಲೆ ಇಟ್ಟುಬಿಟ್ಟರು.

"ಬ್ಯಾರೆ ಕಡೆ ಹೋಗ್ರಿ ಸಾಹೇಬ್ರ."

"ಏನ್ ಮಾತಾಡಾಕತ್ತಿ ಮಿಸ್ತ್ರಿ? ಗಾಡಿ ನಂದು."

"ಗಾಡಿ ನಿಮ್ದ. ಸ್ವಿಚ್ ನಂದ. ನಾ ಕೂಡಸಂಗಿಲ್ರಿ."

ಇಂಥವು ಊರಲ್ಲಿ ಬೇಗ ಹರಡುತ್ತವೆ. ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಅಂಗಡಿಗಳು ಬಂದವು. ಅಲ್ಲಿ ಯಾರೂ ಯಾರಿಗೂ ಕಣ್ಣು ಮುಚ್ಚಲು ಹೇಳುವುದಿಲ್ಲ. ಬೇವಿನ ಮರದ ಕೆಳಗೆ ಗಾಡಿಗಳು ಕಡಿಮೆಯಾದವು. ನನ್ನ ಕಾರನ್ನು ಮಾತ್ರ ಅವರು ಪ್ರತಿ ಚಳಿಗಾಲದ ಮುಂಚೆ ತಾವಾಗಿ ಕರೆಸಿಕೊಳ್ಳುತ್ತಿದ್ದರು. ಮತ್ತೆ ಕಣ್ಣು, ಮತ್ತೆ ಕೈ, ಮತ್ತೆ ಚುಕ್ಕೆ. "ವಯಸ್ಸಾದಂಗ ಕೈ ಬದಲಾಗತಾವ್ರಿ," ಎನ್ನುತ್ತಿದ್ದರು. ನನ್ನ ಭುಜ ನೋಯಲು ಶುರುವಾದ ವರ್ಷ ನಾನು ಬಾಯಿಬಿಟ್ಟು ಹೇಳುವ ಮೊದಲೇ ಸ್ವಿಚ್ಚನ್ನು ಎರಡು ಬೆರಳು ಹತ್ತಿರಕ್ಕೆ ತಂದರು. ಅಷ್ಟು ಮಾಡಿಯೂ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ, ನನ್ನ ಕೈಯಿಂದ ಒಂದು ಕಪ್ ಚಹಾ ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಂದಾಜು ಇತ್ತು. ಅಂದಾಜನ್ನು ಕೆದಕದೆ ಬಿಡುವುದು ನನಗೆ ಅನುಕೂಲವಾಗಿತ್ತು.

ಹೋದ ವರ್ಷ ಶೆಡ್ಡಿಗೆ ಬೀಗ ಬಿತ್ತು. ಕಿಡ್ನಿ ತೊಂದರೆಯಂತೆ, ತಮ್ಮ ಊರು ಮುದಗಲ್ಲಿಗೆ ಹೋದರಂತೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ. ದೀಪಾವಳಿ ಕಳೆದ ಮೇಲೆ ಅವರ ಹೆಂಡತಿ ಗೌರಮ್ಮ ಫೋನು ಮಾಡಿ, "ನಿಮ್ಮನ್ನ ನೋಡಬೇಕು ಅನ್ನಾಕತ್ಯಾರ. ಒಂದ್ ಸಲ ಬಂದು ಹೋಗ್ರಿ ಅಕ್ಕೋರೆ," ಎಂದಳು. ಭಾನುವಾರ ಬೆಳಿಗ್ಗೆ ಮಸ್ಕಿ ದಾಟಿ, ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋದೆ. ಕೋಟೆಯ ಕಂದಕಕ್ಕೆ ಬೆನ್ನು ಹಾಕಿದ ಎರಡು ಕೋಣೆಯ ಮನೆ. ಮಿಸ್ತ್ರಿ ಮಂಚದ ಮೇಲಿದ್ದರು. ಮುಖ, ಕೈ ಎಲ್ಲ ಬಾತುಕೊಂಡಿತ್ತು. ಬೆರಳು ಎಷ್ಟು ಊದಿದ್ದವು ಎಂದರೆ ಅವುಗಳಲ್ಲಿ ಇನ್ನು ಯಾವ ವೈರೂ ನಿಲ್ಲುವಂತಿರಲಿಲ್ಲ.

"ನೀವ ಓಡಿಸ್ಕೊಂಡು ಬಂದ್ರೇನ್ರಿ?" ಎಂದು ಕೇಳಿದರು.

"ಹೂಂರಿ. ಮಂಜಿತ್ತು. ಲೈಟು ಹಚ್ಚೀನಿ."

"ನೋಡಿ ಹಚ್ಚಿದ್ರ್ಯಾ?"

"ಇಲ್ರಿ. ಕೈ ತಾನ ಹೋತು."

ಅವರಿಗೆ ಸಮಾಧಾನವಾಯಿತು. ಗೌರಮ್ಮನನ್ನು ಚಹಾಕ್ಕೆಂದು ಒಳಗೆ ಕಳಿಸಿದರು. ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದರು.

"ಒಂದು ಮಾತು ಎದಿಯಾಗ ಇಟ್ಕೊಂಡು ಇಷ್ಟ ದಿನ ದುಡದೀನಿ ಅಕ್ಕೋರೆ. ಸರ್ ಹೇಳಿದ್ರೂ ನಾ ಕೆಳಗ ಕೂಡಸಬಾರದಿತ್ತು. ಗಾಡಿ ನನ್ನ ಹತ್ರ ಬಂದಾಗ ಸ್ವಿಚ್ ಆನ್ ಇತ್ರಿ. ಅವ್ರು ಲೈಟ್ ಹಚ್ಚಾಕ ಬಗ್ಗ್ಯಾರ. ಬಗ್ಗಿದಾಗ ಟ್ರಾಲಿ ಬಂದೈತಿ. ಬ್ಯಾರೆ ಏನೂ ಇಲ್ಲ. ಸರ್‌ನ ನಾ ಕೊಂದೀನ್ರಿ."

ಇಲ್ಲಿ ನಾನು ಬರೆಯಲೇಬೇಕಾದ ಸಂಗತಿ ಇದೆ. ಇದನ್ನು ಯಾರಿಗೂ ಹೇಳಿಲ್ಲ.

ಅಪಘಾತವಾದ ಜಾಗಕ್ಕಿಂತ ಎರಡು ಕಿಲೋಮೀಟರ್ ಹಿಂದೆ, ಕಾಲುವೆ ಸೇತುವೆಯ ಹತ್ತಿರ ಒಂದು ಚಹಾದ ಅಂಗಡಿ ಇದೆ. ನಾವಿಬ್ಬರೂ ಆಗಾಗ ನಿಲ್ಲುತ್ತಿದ್ದ ಅಂಗಡಿ. ಆ ಅಂಗಡಿಯವನು ತಿಂಗಳು ಕಳೆದ ಮೇಲೆ ನನ್ನನ್ನು ಕಂಡು ಅತ್ತು ಹೇಳಿದ್ದ: "ಅವತ್ತು ಸರ್ ನಿಲ್ಲಲಿಲ್ರಿ. ಹಳದಿ ಲೈಟ್ ಹಚ್ಚಿಕೊಂಡು ಹಂಗ ಹೋದ್ರು. ನಾ ಕೈ ಮಾಡಿದೆ." ಎಂದರೆ ಲೈಟು ಅಲ್ಲಿಗಾಗಲೇ ಉರಿಯುತ್ತಿತ್ತು. ಸ್ವಿಚ್ಚಿಗಾಗಿ ಅವರು ಮತ್ತೆ ಬಗ್ಗುವ ಕಾರಣವೇ ಇರಲಿಲ್ಲ.

ಬಗ್ಗಿದ್ದು ಫೋನಿಗೆ. ಮಾಡಿದವಳು ನಾನು. ಬೀರೂವಿನ ಕೀಲಿ ಸಿಗದೆ ಜ್ವರದ ತಲೆಯಲ್ಲಿ ಸಿಡಿಮಿಡಿಗೊಂಡು, ಎಲ್ಲಿಟ್ಟೀರಿ ಎಂದು ಕೇಳಲು ಮಾಡಿದ್ದೆ. ಎತ್ತಲಿಲ್ಲ. ಗೊತ್ತಿತ್ತು, ಓಡಿಸುತ್ತಿರುತ್ತಾರೆ ಎಂದು. ಆದರೂ ಮತ್ತೆ ಮಾಡಿದೆ. ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಅವರ ಫೋನು ಬ್ರೇಕಿನ ಹತ್ತಿರ ಕಾಲ ಬುಡದಲ್ಲಿ ಸಿಕ್ಕಿತ್ತಂತೆ. ಅದರಲ್ಲಿ ನನ್ನ ಹೆಸರಿನ ಎರಡು ಮಿಸ್ಡ್ ಕಾಲ್ ಇದ್ದವು. ಎರಡನೆಯದರ ಹೊತ್ತೂ ಪಂಚನಾಮೆಯಲ್ಲಿ ಬರೆದ ಅಪಘಾತದ ಹೊತ್ತೂ ಒಂದೇ. ಅತ್ತೆ ನೋಡುವ ಮೊದಲು ಎರಡನ್ನೂ ಅಳಿಸಿದೆ. ಕೀಲಿ ಅದರ ಮೊಳೆಗೇ ನೇತಾಡುತ್ತಿತ್ತು, ಮೇಲೆ ನನ್ನದೇ ಟವೆಲು ಬಿದ್ದಿತ್ತು.

ಇದನ್ನು ಮಿಸ್ತ್ರಿಗೆ ಹೇಳಲು ಎಷ್ಟು ಹೊತ್ತು ಬೇಕು? ಒಂದು ನಿಮಿಷ. ಒಂದು ನಿಮಿಷದಲ್ಲಿ ಅವರ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾನು ಬಾಯಿ ತೆರೆದೆ. ಒಳಗೆ ಗೌರಮ್ಮ ಚಹಾದ ಪುಡಿಯ ಡಬ್ಬಿ ಮುಚ್ಚುವ ಸದ್ದು ಕೇಳಿಸಿತು. ಅವಳಿಗೆ ಕೇಳಿಸಿದರೆ? ಅವಳಿಂದ ಊರಿಗೆ, ಊರಿನಿಂದ ಮೈದುನನಿಗೆ, ಅತ್ತೆಗೆ? ಇಷ್ಟು ವರ್ಷ ಎಲ್ಲರೂ ಅಯ್ಯೋ ಪಾಪ ಎಂದ ಮುಖ ಇದು. ನಲವತ್ತು ಹುಡುಗರ ಮುಂದೆ ನಿಂತು ಸತ್ಯ ಹೇಳಬೇಕು ಎಂದು ಪಾಠ ಮಾಡುವ ಬಾಯಿ ಇದು. ಆ ಬಾಯಿಂದ ಬಂದದ್ದು ಇಷ್ಟೇ:

"ಹಂಗ ಅನಬ್ಯಾಡ್ರಿ ಮಿಸ್ತ್ರಿ. ಆಗೋದು ಆಗಿ ಹೋತು."

ಅವರು ಗೋಡೆಯಿಂದ ಮುಖ ತಿರುಗಿಸಿ, ಎಷ್ಟೋ ವರ್ಷಗಳ ನಂತರ, ನನ್ನನ್ನು ನೇರವಾಗಿ ನೋಡಿದರು.

"ಮಾಫ್ ಮಾಡ್ತೀರೇನ್ರಿ?"

"ಮಾಫ್ ಮಾಡೀನಿ," ಎಂದೆ.

ಊದಿದ ಎರಡೂ ಕೈ ಕಷ್ಟಪಟ್ಟು ಜೋಡಿಸಿದರು. ಗೌರಮ್ಮ ತಂದ ಚಹಾವನ್ನು ಆವತ್ತು ಮೊದಲ ಸಲ ನನ್ನ ಕೈಯಿಂದ ತೆಗೆದುಕೊಂಡರು. ಡಾಕ್ಟರು ನೀರಿಗೂ ಅಳತೆ ಹಾಕಿದ್ದರಂತೆ, ಆದರೂ ಎರಡು ಗುಟುಕು ಕುಡಿದರು.

ಹನ್ನೊಂದು ದಿನಕ್ಕೆ ತೀರಿಕೊಂಡರು. ನಾನು ತಲುಪುವುದರೊಳಗೆ ಮಣ್ಣು ಮಾಡಿಯಾಗಿತ್ತು. ಮನೆಯಲ್ಲಿ ಗೌರಮ್ಮ ನನ್ನ ಕೈ ಹಿಡಿದುಕೊಂಡು, "ನೀವು ಬಂದು ಹೋದ ಮ್ಯಾಲ ಭಾಳ ಹಗುರಾಗಿದ್ರು ಅಕ್ಕೋರೆ. ಚಲೋತ್ನಾಗ ನಿದ್ದಿ ಮಾಡಿದ್ರು. ನಿಮ್ಮಂಥ ದೊಡ್ಡ ಮನಸು ಯಾರಿಗೂ ಇರಂಗಿಲ್ಲ," ಎಂದಳು. ಆ ಕೈ ಬಿಡಿಸಿಕೊಳ್ಳಲೂ ನನಗೆ ಆಗಲಿಲ್ಲ. ಹೊರಡುವಾಗ ಒಂದು ಸಣ್ಣ ತಗಡಿನ ಡಬ್ಬಿ ತಂದು ಕೊಟ್ಟಳು. ವಿಭೂತಿ ಗಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರಂತೆ, ದಿನಾ ಪೂಜೆಯ ಹೊತ್ತಿಗೆ ಒಂದು ಸಲ ತೆಗೆದು ನೋಡುತ್ತಿದ್ದರಂತೆ. ಒಳಗೆ ನಮ್ಮ ಕಾರಿನ ಹಳೆಯ ಸ್ವಿಚ್ಚು ಇತ್ತು, ಅಂಟಿನ ಹನಿಯ ಸಮೇತ. ಇನ್ನೂ ಆನ್ ಆಗಿಯೇ ಇತ್ತು.

ಮನೆಗೆ ಬಂದು ಅದನ್ನು ಬೀರೂವಿನಲ್ಲಿ, ನಮ್ಮವರ ಫೋನಿನ ಪಕ್ಕ ಇಟ್ಟೆ. ಬೀಗ ಹಾಕಿದೆ. ಕೀಲಿಯನ್ನು ಅದರ ಮೊಳೆಗೇ ನೇತುಹಾಕಿದೆ. ಕಣ್ಣು ಮುಚ್ಚಿದರೂ ಕೈ ಈಗ ಅಲ್ಲಿಗೇ ಹೋಗುತ್ತದೆ.